ಅಳೆದು ನೋಡದೆ ಪ್ರೊಸೆಸರ್ ಬದಲಿಸಬೇಡಿ

ಹಳ್ಳಿಯಲ್ಲಿ ಯಾರ ಮನೆಯ ಕಂಪ್ಯೂಟರ್‌ನಲ್ಲಾದರೂ ಗೇಮ್ ಲ್ಯಾಗ್ ಆಗತೊಡಗಿತು ಅಂದರೆ ಈಗ ಎಲ್ಲರ ಬಾಯಲ್ಲೂ ಒಂದೇ ಔಷಧಿ: ‘ಪ್ರೊಸೆಸರ್ ಹಳೇದಾಯ್ತು, ಬದಲಿಸು.’ ತಾಲ್ಲೂಕು ಕೇಂದ್ರದ ಅಂಗಡಿಯವರು ಹೇಳುತ್ತಾರೆ. ಯೂಟ್ಯೂಬ್‌ನವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ದೊಡ್ಡಪ್ಪನ ಮಗ ಫೋನಿನಲ್ಲೇ ಹೇಳುತ್ತಾನೆ. ಕೇಳಿಸಿಕೊಂಡ ಹುಡುಗ ಅಮ್ಮನ ಬೆನ್ನು ಹತ್ತುತ್ತಾನೆ. ಅಮ್ಮ ಸಂಘದಲ್ಲಿ ಸಾಲ ಕೇಳುತ್ತಾಳೆ.

ಇಷ್ಟು ಜನರಲ್ಲಿ ಆ ಕಂಪ್ಯೂಟರನ್ನು ಆನ್ ಮಾಡಿ, ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ನೋಡಿದವರು ಒಬ್ಬರೂ ಇರುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ಪ್ರೊಸೆಸರ್ ಬದಲಿಸಲೇಬೇಡಿ ಅಂತ ನಾವು ಹೇಳುತ್ತಿಲ್ಲ. ಅಳೆಯದೆ ಬದಲಿಸಬೇಡಿ ಅನ್ನುತ್ತಿದ್ದೇವೆ. ಅಳೆಯುವುದಕ್ಕೆ ಅರ್ಧ ಗಂಟೆ ಸಾಕು, ಒಂದು ರೂಪಾಯಿಯೂ ಖರ್ಚಿಲ್ಲ. ಅದನ್ನು ಹೇಳಿಕೊಡದೆ ನೇರವಾಗಿ ಬಿಲ್ ಬರೆಯುವವರು ನಿಮ್ಮ ಹಿತ ನೋಡುವವರಲ್ಲ.

ಬೋರ್‌ವೆಲ್ ಲೆಕ್ಕ

ನಮ್ಮ ಬಯಲುಸೀಮೆಯವರಿಗೆ ಇದನ್ನು ಕಂಪ್ಯೂಟರ್ ಭಾಷೆಯಲ್ಲಿ ಹೇಳುವ ಅಗತ್ಯವೇ ಇಲ್ಲ. ಬೋರಿನಲ್ಲಿ ಒಂದೂವರೆ ಇಂಚು ನೀರು ಬಿದ್ದಿದೆ, 5 ಎಚ್‌ಪಿ ಮೋಟರ್ ಇದೆ. ನೀರು ಸಾಲುತ್ತಿಲ್ಲ ಅಂತ 10 ಎಚ್‌ಪಿ ಮೋಟರ್ ಇಳಿಸಿದರೆ ಏನಾಗುತ್ತದೆ? ನೀರು ಒಂದೂವರೆ ಇಂಚೇ ಬರುತ್ತದೆ. ಸ್ವಲ್ಪ ಹೊತ್ತಿಗೆ ಮೋಟರ್ ಗಾಳಿ ಎಳೆಯುತ್ತದೆ. ಕೊನೆಗೆ ಮೋಟರ್ ಸುಡುತ್ತದೆ, ಸಾಲ ಉಳಿಯುತ್ತದೆ.

ಗೇಮ್ ಓಡುವುದೂ ಹೀಗೇ. ಪ್ರೊಸೆಸರ್ ಒಂದು ಪಾಲಿನ ಕೆಲಸ ಮಾಡುತ್ತದೆ: ಯಾರು ಎಲ್ಲಿದ್ದಾರೆ, ಗುಂಡು ತಗುಲಿತೇ, ಗಾಡಿ ಎತ್ತ ಹೋಯಿತು ಎಂಬ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಇನ್ನೊಂದು ಪಾಲಿನದು: ಆ ಲೆಕ್ಕವನ್ನು ಚಿತ್ರವಾಗಿ ಬಿಡಿಸುವುದು. ರ‍್ಯಾಮ್ ಮತ್ತು ಡಿಸ್ಕ್ ಸಾಮಾನು ತಂದುಕೊಡುತ್ತವೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಇಡೀ ಆಟ ಅದರ ವೇಗಕ್ಕೆ ಇಳಿಯುತ್ತದೆ. ಬೇರೆ ಯಾವುದನ್ನು ಬದಲಿಸಿದರೂ ನೀರು ಅಷ್ಟೇ.

ನಮ್ಮ ಊರುಗಳಲ್ಲಿ ಇರುವ ಯಂತ್ರ ಯಾವುದು?

ಹಳ್ಳಿಯ ಮನೆಗಳಿಗೆ ಬಂದಿರುವ ಕಂಪ್ಯೂಟರ್‌ಗಳಲ್ಲಿ ನಾವು ಮತ್ತೆ ಮತ್ತೆ ನೋಡುವುದು ಆಫೀಸುಗಳು ಬಳಸಿ ಬಿಟ್ಟದ್ದನ್ನು. ಕಂಪನಿಗಳು ಮಾರಿದ ಡೆಲ್, ಎಚ್‌ಪಿ ಡಬ್ಬಗಳು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಮಾರುಕಟ್ಟೆ ಹಾದು ಜಿಲ್ಲೆಗೆ ಬರುತ್ತವೆ. ಉದಾಹರಣೆಗೆ ಡೆಲ್ ಆಪ್ಟಿಪ್ಲೆಕ್ಸ್ 9020. ಒಳಗೆ ಇಂಟೆಲ್ ಐ5-4590, ಅಂದರೆ 2014ರ ನಾಲ್ಕನೇ ತಲೆಮಾರಿನ ಪ್ರೊಸೆಸರ್. ನಾಲ್ಕು ಕೋರ್, ನಾಲ್ಕು ಥ್ರೆಡ್, 3.3 ಗಿಗಾಹರ್ಟ್ಸ್, ಬೇಕಾದಾಗ 3.7ರವರೆಗೆ ಏರುತ್ತದೆ. ಜೊತೆಗೆ 8 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್. ಮೇಲೆ ಯಾರೋ ಹಾಕಿಕೊಟ್ಟ ಜಿಟಿ 730 ಕಾರ್ಡ್. ಅದೃಷ್ಟ ಇದ್ದವರಿಗೆ ಜಿಟಿಎಕ್ಸ್ 1650.

ನಾವು ಈ ಬರಹದಲ್ಲಿ ಲೆಕ್ಕ ಹಾಕುವುದು ಈ ಯಂತ್ರವನ್ನೇ ಇಟ್ಟುಕೊಂಡು.

ಇದು ಗುಜರಿಗೆ ಹೋಗಬೇಕಾದ ಯಂತ್ರವೇ? ಗೇಮ್ ಮಾಡಿದವರ ಮಾತನ್ನೇ ಕೇಳೋಣ. ವಾಲೊರಂಟ್ 2020ರಲ್ಲಿ ಬಂದಾಗ ಸೆಕೆಂಡಿಗೆ 60 ಫ್ರೇಮ್ ಬರಲು ಐ3-4150 ಮತ್ತು ಜಿಟಿ 730 ಸಾಕು ಅಂತ ಕಂಪನಿಯೇ ಹೇಳಿತ್ತು. ಐ5-4590 ಅದಕ್ಕಿಂತ ಬಲವಾದದ್ದು. 2015ರಲ್ಲಿ ಕಂಪ್ಯೂಟರ್‌ಗೆ ಬಂದ ಜಿಟಿಎ 5ಕ್ಕೆ ಶಿಫಾರಸು ಮಾಡಿದ್ದು ಐ5-3470 ಮತ್ತು ಜಿಟಿಎಕ್ಸ್ 660. ಅಲ್ಲೂ ನಿಮ್ಮ ಪ್ರೊಸೆಸರ್ ಮುಂದಿದೆ, ಹಿಂದೆ ಬಿದ್ದಿರುವುದು ಜಿಟಿ 730 ಕಾರ್ಡು.

ಅಂಗಡಿಯಲ್ಲಿ ಮಾತ್ರ ಕಾರ್ಡಿನ ಸುದ್ದಿ ಎತ್ತುವುದಿಲ್ಲ. ‘ಫೋರ್ತ್ ಜನರೇಷನ್ನಾ? ಅಯ್ಯೋ!’ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಯಾಕೆ? ಕಾರ್ಡ್ ಬದಲಿಸಿದರೆ ಒಂದು ವಸ್ತು ಮಾರಿದಂತೆ. ಪ್ರೊಸೆಸರ್ ಬದಲಿಸಿದರೆ ಐದು ವಸ್ತು ಮಾರಿದಂತೆ. ಅದು ಹೇಗೆಂದು ಮುಂದೆ ಹೇಳುತ್ತೇವೆ.

ಯೂಟ್ಯೂಬ್ ಪಟ್ಟಿಗಳ ಗುಟ್ಟು

ಹೊಸ ಪ್ರೊಸೆಸರ್ ಬಂದಾಗ ಯೂಟ್ಯೂಬ್‌ನಲ್ಲಿ ಉದ್ದ ಗಿಡ್ಡ ಪಟ್ಟಿಗಳ ಚಿತ್ರ ತೋರಿಸುತ್ತಾರೆ. ಹಳೆಯದು 90 ಫ್ರೇಮ್, ಹೊಸದು 200 ಫ್ರೇಮ್ ಎಂಬ ಥರ. ನೋಡಿದವರಿಗೆ ಹೊಟ್ಟೆ ಉರಿಯುವುದು ಸಹಜ.

ಆ ಪರೀಕ್ಷೆ ಸುಳ್ಳಲ್ಲ. ಆದರೆ ಅದನ್ನು ಮಾಡುವ ರೀತಿ ಗೊತ್ತಿರಬೇಕು. ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಕಾಣಬೇಕು ಅಂತಲೇ ಅವರು ಎಲ್ಲದಕ್ಕೂ ಆ ಕಾಲದ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕುತ್ತಾರೆ. ಆರ್‌ಟಿಎಕ್ಸ್ 4090 ಅಥವಾ 5090 ಹಾಕಿ, ಸ್ಕ್ರೀನ್ ರೆಸಲ್ಯೂಷನ್ ಕಡಿಮೆ ಇಡುತ್ತಾರೆ. ಕಾರ್ಡಿನ ಮಿತಿ ಅಡ್ಡ ಬರದಿರಲಿ ಅಂತ. ಬೋರಿನಲ್ಲಿ ಆರು ಇಂಚು ನೀರಿಟ್ಟು ಮೋಟರ್‌ಗಳ ಪಂದ್ಯ ನಡೆಸಿದ ಹಾಗೆ.

ಅದೇ ಪ್ರೊಸೆಸರ್‌ಗಳಿಗೆ ನಿಮ್ಮ ಜಿಟಿ 730 ಹಾಕಿ ಜಿಟಿಎ 5 ಓಡಿಸಿದರೆ ಆ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ ಬರುತ್ತವೆ. ಆ ವಿಡಿಯೊವನ್ನು ಯಾರೂ ಮಾಡುವುದಿಲ್ಲ. ಮಾಡಿದರೆ ಕೆಳಗಿರುವ ‘ಇಲ್ಲಿ ಕೊಳ್ಳಿ’ ಲಿಂಕನ್ನು ಯಾರು ಒತ್ತುತ್ತಾರೆ?

ನಮಗೆ ಗೊತ್ತಾದ ಒಂದು ಮನೆಯ ಲೆಕ್ಕ ಕೇಳಿ. ಹಸು ಕೊಳ್ಳಲು ಅಂತ ಬರೆಸಿ ಸಂಘದಲ್ಲಿ ಸಾಲ ತೆಗೆದರು. ಮಗನಿಗೆ ಹೊಸ ಪ್ರೊಸೆಸರ್, ಹೊಸ ಬೋರ್ಡ್, ಹೊಸ ರ‍್ಯಾಮ್, ಹೊಸ ಕ್ಯಾಬಿನೆಟ್ ಬಂತು. ದುಡ್ಡು ಅಲ್ಲಿಗೆ ಮುಗಿದಿದ್ದರಿಂದ ಹಳೆಯ ಜಿಟಿ 730 ಕಾರ್ಡನ್ನೇ ಅದಕ್ಕೆ ಚುಚ್ಚಿ ಕಳಿಸಿದರು. ವಿಂಡೋಸ್ ಬೇಗ ತೆರೆಯಿತು, ನಿಜ. ಗೇಮ್ ಮಾತ್ರ ಮೊದಲು ಎಷ್ಟಿತ್ತೋ ಸರಿಸುಮಾರು ಅಷ್ಟೇ. ಕೊಟ್ಟಿಗೆಯಲ್ಲಿ ಹಸು ಇಲ್ಲ, ಸ್ಕ್ರೀನಿನಲ್ಲಿ ಫ್ರೇಮ್ ಇಲ್ಲ. ವಾರದ ಕಂತು ಮಾತ್ರ ತಪ್ಪದೆ ಮನೆ ಬಾಗಿಲಿಗೆ ಬರುತ್ತಿದೆ.

ಅಳೆಯುವುದು ಹೀಗೆ

ಗೇಮ್‌ನ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ ಮತ್ತು ಫ್ರೇಮ್ ಲಿಮಿಟ್ ಎರಡನ್ನೂ ಆಫ್ ಮಾಡಿ. ಇವು ಆನ್ ಇದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟ ಇಟ್ಟುಕೊಂಡು ಹತ್ತು ನಿಮಿಷ ಆಡಿ. ಹೆಚ್ಚು ಗಲಾಟೆ ಇರುವ ಜಾಗದಲ್ಲಿ ಆಡಿ, ಖಾಲಿ ಮೈದಾನದಲ್ಲಿ ಬೇಡ. ಆಮೇಲೆ ಗ್ರಾಫ್ ನೋಡಿ.

ಜಿಪಿಯು 95ರ ಮೇಲೆ ನಿಂತಿದ್ದರೆ ಮಿತಿ ಇರುವುದು ಕಾರ್ಡಿನಲ್ಲಿ. ಪ್ರೊಸೆಸರ್ ನಿರಪರಾಧಿ.

ಜಿಪಿಯು 50–60ರಲ್ಲಿ ಆಕಳಿಸುತ್ತಿದ್ದು, ಸಿಪಿಯು 100ಕ್ಕೆ ತಾಗಿದ್ದರೆ ಮಿತಿ ಪ್ರೊಸೆಸರ್‌ನದೇ.

ಮೆಮೊರಿ ತುಂಬಿ, ಡಿಸ್ಕ್ 100 ತೋರಿಸುತ್ತಿದ್ದರೆ ರ‍್ಯಾಮ್ ಸಾಲದು, ಹಾರ್ಡ್ ಡಿಸ್ಕ್ ಏದುತ್ತಿದೆ.

ಎಲ್ಲವೂ ಕಡಿಮೆಯೇ ಇದ್ದು, ಎದುರಾಳಿ ಮಾತ್ರ ಇಲ್ಲಿಂದ ಅಲ್ಲಿಗೆ ಹಾರುತ್ತಿದ್ದರೆ ಅದು ನೆಟ್‌ವರ್ಕ್. ಪಿಂಗ್ 150 ಇರುವ ಊರಿಗೆ ಯಾವ ಪ್ರೊಸೆಸರ್ ತಂದರೂ ಪಿಂಗ್ 150ೇ. ಟವರ್‌ನ ರೋಗಕ್ಕೆ ಕಂಪ್ಯೂಟರ್‌ಗೆ ಇಂಜೆಕ್ಷನ್ ಕೊಡಿಸಬೇಡಿ.

ಇನ್ನೂ ಅನುಮಾನವಿದ್ದರೆ ರೆಸಲ್ಯೂಷನ್ ಇಳಿಸಿ ಆಡಿ. ಫ್ರೇಮ್ ಏರಿತೇ? ಹಾಗಾದರೆ ಕಾರ್ಡ್ ನಿಧಾನ. ಏರದೆ ಅಲ್ಲೇ ನಿಂತಿತೇ? ಹಾಗಾದರೆ ಪ್ರೊಸೆಸರ್.

ಪ್ರೊಸೆಸರ್‌ಗೆ ಮೊದಲು ಮಾಡಬೇಕಾದ್ದು

ಮೊದಲು ದೂಳು. ಮಣ್ಣು ರಸ್ತೆ, ರಾಗಿ ಒಕ್ಕಣೆ, ಒಲೆಯ ಹೊಗೆ ಎಲ್ಲವೂ ಸೇರಿ ಫ್ಯಾನಿನ ಕೆಳಗೆ ಕಂಬಳಿಯಂತೆ ಕೂತಿರುತ್ತವೆ. ಹತ್ತು ವರ್ಷದ ಹಿಂದೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದನ್ನೇ ‘ಹಳೇದಾಯ್ತು’ ಅನ್ನುತ್ತಾರೆ. ಬ್ರಷ್‌ನಿಂದ ದೂಳು ತೆಗೆದು ಪೇಸ್ಟ್ ಹೊಸದಾಗಿ ಹಚ್ಚಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಆಮೇಲೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ. ಇದರಿಂದ ಫ್ರೇಮ್ ಹೆಚ್ಚಾಗುವುದಿಲ್ಲ. ಆದರೆ ಗೇಮ್ ತೆರೆಯಲು ಕಾಯುವುದು, ಹೊಸ ಜಾಗಕ್ಕೆ ಹೋದಾಗ ತಟ್ಟನೆ ನಿಲ್ಲುವುದು ಬಹಳ ಕಡಿಮೆಯಾಗುತ್ತದೆ.

ಆಮೇಲೆ ರ‍್ಯಾಮ್. ಒಂದೇ ಸ್ಲಾಟಿನಲ್ಲಿ ಒಂದೇ ಪಟ್ಟಿ ಇದ್ದರೆ ಅದಕ್ಕೆ ಜೋಡಿ ಹಾಕಿ. ಎರಡು ಪಟ್ಟಿ ಇದ್ದಾಗ ಎರಡೂ ದಾರಿಯಲ್ಲಿ ಸಾಮಾನು ಹರಿಯುತ್ತದೆ. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿ, ಗಾಡಿ ಸರಿಯಿಲ್ಲ ಅಂದರೆ ಹೇಗೆ?

ಆಮೇಲೆ ಕಾರ್ಡ್. ಕೊಳ್ಳುವ ಮೊದಲು ಪವರ್ ಸಪ್ಲೈ ನೋಡಿ. ಆಪ್ಟಿಪ್ಲೆಕ್ಸ್ 9020ರ ದೊಡ್ಡ ಡಬ್ಬದಲ್ಲಿ ಇರುವುದು 290 ವಾಟ್. ಬೋರ್ಡಿನ ಸ್ಲಾಟಿನಿಂದಲೇ 75 ವಾಟ್ ಎಳೆದುಕೊಂಡು ಓಡುವ ಜಿಟಿಎಕ್ಸ್ 1650 ಅಲ್ಲಿ ನಡೆಯುತ್ತದೆ. ಬೇರೆ ವೈರ್ ಕೇಳುವ ದೊಡ್ಡ ಕಾರ್ಡ್ ನಡೆಯುವುದಿಲ್ಲ. ಡಬ್ಬ ಸಣ್ಣದಾದರೆ ಗಿಡ್ಡ ಕಾರ್ಡೇ ಬೇಕು.

ಇಷ್ಟೆಲ್ಲ ಆದ ಮೇಲೂ ಸಿಪಿಯು 100ರಲ್ಲೇ ನಿಂತಿದ್ದರೆ ಆಗ ಪ್ರೊಸೆಸರ್ ಮಾತು ಎತ್ತೋಣ.

ನಿಜವಾಗಿಯೂ ಪ್ರೊಸೆಸರ್ ಸಾಲದಿದ್ದರೆ

ಅಂಥ ಸಂದರ್ಭ ಇದೆ, ಅದನ್ನೂ ಮುಚ್ಚಿಡಬಾರದು. 2023ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 2ರಂಥ ಗೇಮ್‌ಗಳು ಪ್ರೊಸೆಸರ್‌ನಿಂದ ಹೆಚ್ಚು ಕೆಲಸ ತೆಗೆಯುತ್ತವೆ. ನಾಲ್ಕು ಥ್ರೆಡ್ ಇರುವ ಐ5 ಇಲ್ಲಿ ಏದುಸಿರು ಬಿಡುತ್ತದೆ. ಆಟ ಆಡುತ್ತಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುವವರಿಗೂ ಸಾಲದು. ಎರಡನೇ, ಮೂರನೇ ತಲೆಮಾರಿನ ಇಂಟೆಲ್ ಇದ್ದವರಿಗೆ ಇನ್ನೊಂದು ತೊಡಕಿದೆ. ಅವುಗಳಲ್ಲಿ ಎವಿಎಕ್ಸ್2 ಎಂಬ ಸೌಲಭ್ಯ ಇಲ್ಲ, ಕೆಲವು ಹೊಸ ಗೇಮ್‌ಗಳು ಅದಿಲ್ಲದೆ ತೆರೆಯುವುದೇ ಇಲ್ಲ.

ಆಗ ನಿಮ್ಮ ಮುಂದೆ ಎರಡು ದಾರಿ.

ಒಂದು, ಅದೇ ಬೋರ್ಡಿಗೆ ಕೂರುವ ದೊಡ್ಡಣ್ಣನನ್ನು ತರುವುದು. ಐ5-4590 ಇರುವ ಜಾಗಕ್ಕೆ ಸೆಕೆಂಡ್ ಹ್ಯಾಂಡ್ ಐ7-4790 ಕೂರುತ್ತದೆ. ಕೋರ್ ನಾಲ್ಕೇ, ಆದರೆ ಥ್ರೆಡ್ ಎಂಟು. ವಿದ್ಯುತ್ ಮಿತಿ ಎರಡಕ್ಕೂ 84 ವಾಟ್. ಬೋರ್ಡ್, ರ‍್ಯಾಮ್, ಪವರ್ ಸಪ್ಲೈ ಯಾವುದನ್ನೂ ಮುಟ್ಟಬೇಕಿಲ್ಲ. ಹೊಸ ಸೆಟ್‌ಗೆ ಹೋಲಿಸಿದರೆ ಖರ್ಚು ತೀರಾ ಸಣ್ಣದು. ಆದರೆ ಆ ಬೋರ್ಡಿಗೆ ಅದೇ ಕೊನೆಯ ನಿಲ್ದಾಣ, ಮುಂದಕ್ಕೆ ಬಸ್ಸಿಲ್ಲ.

ಎರಡು, ಹೊಸ ಸೆಟ್. ಐ3-12100ಎಫ್ ಅಥವಾ ರೈಜೆನ್ 5 5600 ಅನ್ನುತ್ತಾರೆ. ಎರಡೂ ಒಳ್ಳೆಯವೇ. ಆದರೆ ಯಾವುದೂ ಹಳೆಯ ಬೋರ್ಡಿನಲ್ಲಿ ಕೂರುವುದಿಲ್ಲ. ಬೋರ್ಡ್ ಹೊಸದು ಬೇಕು. ಹಳೆಯ ಡಿಡಿಆರ್3 ರ‍್ಯಾಮ್ ಅದಕ್ಕೆ ಕೂರುವುದಿಲ್ಲ, ಹಾಗಾಗಿ ರ‍್ಯಾಮ್ ಹೊಸದು. ಆಪ್ಟಿಪ್ಲೆಕ್ಸ್ 9020ರ ಪವರ್ ಸಪ್ಲೈಗೆ ಡೆಲ್‌ನದೇ 8 ಪಿನ್, ಮಾರುಕಟ್ಟೆಯ ಬೋರ್ಡಿಗೆ ಬೇಕಾದ್ದು 24 ಪಿನ್, ಹಾಗಾಗಿ ಅದೂ ಹೊಸದು. ಡಬ್ಬವೂ ಹೊಂದುವುದಿಲ್ಲ, ಕ್ಯಾಬಿನೆಟ್ ಹೊಸದು. ‘ಪ್ರೊಸೆಸರ್ ಒಂದು ಚೇಂಜ್ ಮಾಡಿದ್ರೆ ಆಯ್ತು’ ಅಂದವರು ಐದು ಸಾಮಾನಿನ ಬಿಲ್ ಮುಂದಿಡುವುದು ಹೀಗೆ.

ಅದರಲ್ಲೂ ಕಾಲ ನೋಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಸಿಕ್ಕಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಮೇಲೇರಿತು. ಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡ್ ವ್ಯಾಪಾರವನ್ನು ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ ಹೇಳಿತು. ದೊಡ್ಡವರು ಗೋಣಿಗಟ್ಟಲೆ ಕೊಳ್ಳುವಾಗ ಸಣ್ಣವರು ಸೇರಿಗೆ ಹೆಚ್ಚು ಕೊಡಬೇಕಾದ ಹಾಗಿದೆ ಇದು. ಇಂಥ ಸಂತೆಯಲ್ಲಿ ಬೇಡದ ರ‍್ಯಾಮ್ ಕೊಳ್ಳುವಂತೆ ಮಾಡುವುದು ಯಾವ ನ್ಯಾಯ?

ಎಎಂಡಿ ಎಎಂ4 ಬೋರ್ಡ್ ಇರುವವರ ಕಥೆ ಬೇರೆ. 2017ರಲ್ಲಿ ರೈಜೆನ್ ಮೊದಲ ತಲೆಮಾರು ಕೊಂಡವರೂ ಅನೇಕ ಬೋರ್ಡ್‌ಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿ ರೈಜೆನ್ 5 5600 ಹಾಕಿಕೊಳ್ಳಬಹುದು. ಅಲ್ಲಿ ಪ್ರೊಸೆಸರ್ ಒಂದನ್ನೇ ಬದಲಿಸಿದರೂ ನಿಜವಾಗಿ ಫಲ ಸಿಗುತ್ತದೆ. ಅದಕ್ಕೇ ನಮ್ಮ ಮಾತು: ನಿಮ್ಮ ಬೋರ್ಡ್ ಯಾವುದು ಅಂತ ಕೇಳದೆ ಸಲಹೆ ಕೊಡುವವರ ಸಲಹೆಗೆ ಬೆಲೆ ಇಲ್ಲ.

ವಿಂಡೋಸ್ 11ರ ಗುಮ್ಮ

ಈಗ ಹೊಸದೊಂದು ಹೆದರಿಕೆ ಶುರುವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೇ ತಲೆಮಾರು, ಟಿಪಿಎಂ 2.0 ಎರಡೂ ಬೇಕು. ಚೆನ್ನಾಗಿ ಓಡುತ್ತಿರುವ ಯಂತ್ರಗಳನ್ನು ಕಾಗದದ ಮೇಲೆ ಮುದಿ ಮಾಡಿದ ನಿರ್ಧಾರ ಇದು. ಬಿಸಾಡಲು ದುಡ್ಡಿರುವ ದೇಶಗಳನ್ನು ನೋಡಿ ಮಾಡಿದ ನಿಯಮ ಅಂತಲೇ ನಾವು ಭಾವಿಸುತ್ತೇವೆ.

ಆದರೂ ಇವತ್ತೇ ಓಡಬೇಕಾಗಿಲ್ಲ. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ. ಇನ್ನು, ‘ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡ್ತೀವಿ’ ಅನ್ನುವವರ ಬಗ್ಗೆ ಎಚ್ಚರ. ವಿಂಡೋಸ್ 11ರಲ್ಲಿ ವಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಬೇಕೇಬೇಕು. ಆಪ್ಟಿಪ್ಲೆಕ್ಸ್ 9020ರಲ್ಲಿ ಇರುವುದು ಟಿಪಿಎಂ 1.2. ಅಡ್ಡದಾರಿಯಲ್ಲಿ ಹೋದರೆ ನೆಟ್ಟಗೆ ಓಡುತ್ತಿದ್ದ ಆಟವೂ ಬಾಗಿಲು ಹಾಕಿಕೊಳ್ಳುತ್ತದೆ.

ಈ ಕಂಪ್ಯೂಟರ್‌ನಲ್ಲೇ ಬ್ಯಾಂಕಿನ ವ್ಯವಹಾರ ಮಾಡುವವರಿಗೆ, ಅಪ್‌ಡೇಟ್ ನಿಂತ ಮೇಲೆ ಹೊಸ ಯಂತ್ರ ಬೇಕು ಅನ್ನುವುದು ನ್ಯಾಯವಾದ ಕಾರಣ. ಆದರೆ ಅದನ್ನು ಅದೇ ಹೆಸರಿನಲ್ಲಿ ಹೇಳಿ. ‘ಗೇಮ್ ಸ್ಪೀಡ್ ಆಗುತ್ತೆ’ ಅಂತ ಮಾರಬೇಡಿ.

ಕರೆಂಟು ಯಾರ ಲೆಕ್ಕದಲ್ಲೂ ಇಲ್ಲ

ಯೂಟ್ಯೂಬ್‌ನವರ ಕೋಣೆಯಲ್ಲಿ ವೋಲ್ಟೇಜ್ ಬೀಳುವುದಿಲ್ಲ. ನಮ್ಮಲ್ಲಿ ಪಂಪ್‌ಸೆಟ್ ಶುರುವಾದ ಹೊತ್ತಿಗೆ ಬಲ್ಬ್ ಮಿಣುಕು ಹುಳವಾಗುತ್ತದೆ. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಸುಮಾರು 360 ವಾಟ್ ಹೊರುತ್ತದೆ. ಯಂತ್ರ ದೊಡ್ಡದಾದರೆ ಯುಪಿಎಸ್ಸೂ ದೊಡ್ಡದಾಗಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವಾಟ್’ ಪವರ್ ಸಪ್ಲೈ ನಂಬಿ ಹೊಸ ಬೋರ್ಡ್ ಹಾಕುವುದು, ಸೆಣಬಿನ ಹಗ್ಗ ನಂಬಿ ಬಾವಿಗಿಳಿದಂತೆ.

ಬಿಲ್ ಲೆಕ್ಕವೂ ಹಾಕಿ. 200 ವಾಟ್ ಎಳೆಯುವ ಯಂತ್ರವನ್ನು ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 24 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತು ಮಾಡಿದ ಮಿತಿ ಮೀರಿದರೆ ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

‘ಒಂದೇ ಸಲ ದೊಡ್ಡದು ಹಾಕ್ಸಿ’ ಅನ್ನುವವರಿಗೆ

‘ಮುಂದೆ ಐದು ವರ್ಷ ನೋಡೋ ಹಾಗಿಲ್ಲ’ ಎಂಬುದು ಇವರ ಕೊನೆಯ ಅಸ್ತ್ರ. ‘ಜಿಟಿಎ 6 ಬರ್ತಿದೆ, ಈಗಲೇ ರೆಡಿಯಾಗು’ ಅನ್ನುವುದೂ ಅದರದೇ ತುಂಡು. ಆ ಗೇಮ್ ಘೋಷಣೆಯಾಗಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ. ಕಂಪ್ಯೂಟರ್‌ಗೆ ದಿನಾಂಕ ಹೇಳದ ಆಟಕ್ಕಾಗಿ ಇವತ್ತು ಸಾಲ ಮಾಡಿದರೆ, ಹುಟ್ಟದ ಕರುವಿಗೆ ಗೊರಸು ಕಟ್ಟಿಸಿದ ಹಾಗಾಯಿತು. ಕಂಪ್ಯೂಟರ್ ಸಾಮಾನು ಚಿನ್ನವಲ್ಲ. ಇಟ್ಟುಕೊಂಡಷ್ಟೂ ಹಳೆಯದಾಗುತ್ತದೆ. ಬೇಕಾದ ದಿನ, ಬೇಕಾದಷ್ಟು ಕೊಳ್ಳುವುದೇ ಲಾಭ.

ಇನ್ನೊಂದು ಕಡೆ ‘ಆಟಕ್ಕೆ ದುಡ್ಡು ಯಾಕೆ, ಓದಿಕೋ ಹೋಗು’ ಅನ್ನುವ ಹಿರಿಯರಿದ್ದಾರೆ. ಅವರೊಂದಿಗೂ ನಮ್ಮ ಜಗಳ ಇದೆ. ಊರಿನ ಮಕ್ಕಳಿಗೂ, ಗಂಡಾಗಲಿ ಹೆಣ್ಣಾಗಲಿ, ದಿನದ ಕೆಲಸ ಮುಗಿಸಿ ಎರಡು ಗಂಟೆ ಆಡುವ ಹಕ್ಕಿದೆ. ನಾಟಕಕ್ಕೆ, ಕಬಡ್ಡಿಗೆ ಚಂದಾ ಎತ್ತುವ ಊರು ಇದನ್ನು ಪಾಪ ಅನ್ನಬೇಕಿಲ್ಲ. ನೀವು ‘ಬೇಡ’ ಅಂತ ಬೈದು ಕಳಿಸಿದರೆ ಮಕ್ಕಳು ಲೆಕ್ಕ ಕೇಳಲು ನಿಮ್ಮ ಹತ್ತಿರ ಬರುವುದಿಲ್ಲ, ಅಂಗಡಿಯವರ ಹತ್ತಿರ ಹೋಗುತ್ತಾರೆ. ಪಕ್ಕದಲ್ಲಿ ಕೂತು ‘ತೋರಿಸು ಮಗಾ, ಯಾವುದು 100 ಇದೆ?’ ಅಂತ ಕೇಳಿ. ಹಸು ಕೊಳ್ಳುವಾಗ ಹಲ್ಲು ನೋಡುವ ಕಣ್ಣು ನಿಮಗಿದೆ. ಇಲ್ಲೂ ಅದೇ ಕಣ್ಣು ಸಾಕು.

ಅಂಗಡಿಗೆ ಹೋಗುವುದಾದರೆ ಮೂರು ಪ್ರಶ್ನೆ ಇಟ್ಟುಕೊಂಡು ಹೋಗಿ. ನನ್ನ ಯಂತ್ರದಲ್ಲಿ 100ಕ್ಕೆ ನಿಂತಿರುವುದು ಯಾವುದು? ನನ್ನ ಬೋರ್ಡಿಗೇ ಕೂರುವ ದೊಡ್ಡ ಪ್ರೊಸೆಸರ್ ಯಾವುದು? ನೀವು ಹೇಳಿದ್ದು ಹಾಕಿದರೆ ನಾನು ಆಡುವ ಗೇಮ್‌ನಲ್ಲಿ, ನನ್ನ ಕಾರ್ಡಿನಲ್ಲಿ, ಎಷ್ಟು ಫ್ರೇಮ್ ಹೆಚ್ಚಾಗುತ್ತದೆ, ಬಿಲ್ ಮೇಲೆ ಬರೆದುಕೊಡುತ್ತೀರಾ?

ಮೂರನೆಯ ಪ್ರಶ್ನೆಗೆ ಪೆನ್ನು ಎತ್ತಿಕೊಂಡವರ ಹತ್ತಿರ ವ್ಯಾಪಾರ ಮಾಡಿ. ನಕ್ಕು ಮಾತು ತೇಲಿಸಿದರೆ, ದುಡ್ಡು ಜೇಬಿನಲ್ಲೇ ಇರಲಿ, ಬಸ್ ಹತ್ತಿ ಊರಿಗೆ ಬನ್ನಿ.